ಹಿಡಿತ ಎಷ್ಟಿರಬೇಕು, ತಡೆ ಎಷ್ಟಿರಬೇಕು?

ಎಂಜಿನ್ ಮುಂದಿದ್ದು ಹಿಂದಿನ ಚಕ್ರಗಳನ್ನು ಓಡಿಸುವ ಹಳೆಯ ಸ್ಪೋರ್ಟ್ಸ್ ಕಾರಿನಲ್ಲಿ ಕ್ಲಚ್ ಪ್ಲೇಟ್ ಸವೆದರೆ ಗೇರ್‌ಬಾಕ್ಸ್ ಇಳಿಸದೆ ಬೇರೆ ದಾರಿಯಿಲ್ಲ. ಗೇರ್‌ಬಾಕ್ಸ್ ಇಳಿಯಬೇಕೆಂದರೆ ಅದರ ಪಕ್ಕದಲ್ಲೇ ಹಾದುಹೋಗುವ ಹೊಗೆಕೊಳವೆಯನ್ನು ಮೊದಲು ಬಿಚ್ಚಬೇಕು. ಮೂರೂವರೆ ದಶಕಗಳ ಕಾಲ ಕಾದು ತಣಿದು ತುಕ್ಕು ತಿಂದ ಅದರ ಬೋಲ್ಟುಗಳು ಬಿಚ್ಚಿಕೊಳ್ಳುವುದಕ್ಕಿಂತ ಮುರಿಯುವುದೇ ಹೆಚ್ಚು. ಹೀಗಾಗಿ ಕ್ಲಚ್ ಮತ್ತು ಸೈಲೆನ್ಸರ್ ಎಂಬ ಎರಡು ಬೇರೆ ಬೇರೆ ವಿಷಯಗಳು ಒಂದೇ ದಿನ ಮಾಲೀಕನ ಮುಂದೆ ಬಂದು ನಿಲ್ಲುತ್ತವೆ. ಆಗ ಸಿಗುವ ಸಲಹೆಗಳೂ ಎರಡೇ. ಹೇಗೂ ಹೊಸದು ಹಾಕುತ್ತಿದ್ದೀರಿ, ಕ್ಲಚ್ ಸ್ವಲ್ಪ ಗಟ್ಟಿಯದನ್ನೇ ಹಾಕಿಸಿ. ಹೇಗೂ ಹೊಸ ಪೈಪು ಬೇಕು, ಒಳಗೆ ಏನೂ ಅಡ್ಡವಿಲ್ಲದ್ದನ್ನೇ ಹಾಕಿಸಿ. ಒಂದು ಹಿಡಿತವನ್ನು ಹೆಚ್ಚಿಸು ಎನ್ನುತ್ತದೆ, ಇನ್ನೊಂದು ತಡೆಯನ್ನು ತೆಗೆ ಎನ್ನುತ್ತದೆ. ಕೇಳಲು ಎರಡೂ ಸರಿ. ಆದರೆ ರೋಟರಿ ಎಂಜಿನ್ನಿನ ಕಾರಿನಲ್ಲಿ ಎರಡೂ ಸಲಹೆಗಳು ಒಂದೇ ಕಾರಣಕ್ಕೆ ದಾರಿ ತಪ್ಪಿಸುತ್ತವೆ. ಕಾರ್ಖಾನೆ ಇಟ್ಟ ಹಿಡಿತ ಮತ್ತು ತಡೆ ಯಾವುದೋ ಲೆಕ್ಕಕ್ಕೆ ತಕ್ಕಂತೆ ಇದ್ದವು. ಆ ಲೆಕ್ಕ ತಿಳಿಯದೆ ಅವನ್ನು ಬದಲಿಸಿದರೆ ಲಾಭಕ್ಕಿಂತ ನಷ್ಟವೇ ಹೆಚ್ಚು ಎಂಬುದನ್ನು ಇಲ್ಲಿ ಅಂಕಿಗಳ ಮೂಲಕವೇ ನೋಡಬೇಕಿದೆ.

ಉದಾಹರಣೆಗೆ ಮಜ್ದಾ ಆರ್‌ಎಕ್ಸ್-7 ಕಾರಿನ ಎರಡನೇ ಪೀಳಿಗೆಯನ್ನು ತೆಗೆದುಕೊಳ್ಳೋಣ. ಎಫ್‌ಸಿ ಎಂದು ಕರೆಯುವ ಈ ಮಾದರಿ 1985ರಲ್ಲಿ ಬಂತು. ಜರ್ಮನಿಯ ಫೆಲಿಕ್ಸ್ ವಾಂಕೆಲ್ ಕಲ್ಪಿಸಿ, ಎನ್‌ಎಸ್‌ಯು ಕಂಪನಿ ರೂಪಕೊಟ್ಟ ರೋಟರಿ ಎಂಜಿನ್ನಿನ ಪರವಾನಗಿಯನ್ನು ಹಿರೋಶಿಮಾದ ಮಜ್ದಾ 1961ರಲ್ಲಿ ಪಡೆಯಿತು. ಕೆನಿಚಿ ಯಮಾಮೊಟೊ ನೇತೃತ್ವದ ತಂಡ ಅದನ್ನು ಪಳಗಿಸಿ 1967ರಲ್ಲಿ ಕಾಸ್ಮೊ ಸ್ಪೋರ್ಟ್ ಕಾರಿನಲ್ಲಿ ಕೂರಿಸಿತು. ಆರ್‌ಎಕ್ಸ್-7 ಮೊದಲು ಬಂದದ್ದು 1978ರಲ್ಲಿ. ರೋಟರಿ ಎಂಜಿನ್ನಿನಲ್ಲಿ ಮೇಲೆ ಕೆಳಗೆ ಓಡಾಡುವ ಪಿಸ್ಟನ್ ಇಲ್ಲ, ಬಾಯಿ ತೆರೆದು ಮುಚ್ಚುವ ವಾಲ್ವ್ ಇಲ್ಲ. ಅಂಚು ಉಬ್ಬಿದ ತ್ರಿಕೋನಾಕಾರದ ರೋಟರ್ ಒಂದು, ನಡು ಸ್ವಲ್ಪ ಸಣ್ಣಗಾದ ಕೋಣೆಯೊಳಗೆ ಸುತ್ತುತ್ತದೆ. ರೋಟರಿನ ಮೂರು ಮೂಲೆಗಳಲ್ಲಿರುವ ಸೀಲುಗಳು ಗೋಡೆಯನ್ನು ಒತ್ತಿಕೊಂಡೇ ಸಾಗುವುದರಿಂದ ಮೂರು ಪ್ರತ್ಯೇಕ ಅರೆಗಳಾಗುತ್ತವೆ. ಪ್ರತಿ ಅರೆಯೂ ಗಾಳಿ ಎಳೆದು, ಒತ್ತಿ, ಉರಿಸಿ, ಹೊಗೆ ಹೊರದಬ್ಬುತ್ತದೆ. ಅರೆಯೊಂದರ ಗಾತ್ರವನ್ನು ಮೂರೇ ಅಳತೆಗಳು ನಿರ್ಧರಿಸುತ್ತವೆ. 13ಬಿ ಎಂಬ ಈ ಎಂಜಿನ್ನಿನಲ್ಲಿ ರೋಟರುಗಳು ತಿರುಗಿಸುವ ಎಕ್ಸೆಂಟ್ರಿಕ್ ಶಾಫ್ಟಿನ ಕೇಂದ್ರದಿಂದ ರೋಟರಿನ ಕೇಂದ್ರ 15 ಮಿಲಿಮೀಟರ್ ಸರಿದಿದೆ, ರೋಟರಿನ ಕೇಂದ್ರದಿಂದ ಮೂಲೆಗೆ 105 ಮಿಲಿಮೀಟರ್, ಅಗಲ 80 ಮಿಲಿಮೀಟರ್. ಈ ಮೂರನ್ನು ಗುಣಿಸಿ, ಮತ್ತೆ 5.196ರಿಂದ ಗುಣಿಸಿದರೆ 654 ಘನ ಸೆಂಟಿಮೀಟರ್. ಅಂಥ ಎರಡು ರೋಟರುಗಳು ಸೇರಿ 1308.

ರೋಟರ್ ತಾನು ಒಂದು ಸುತ್ತು ಮುಗಿಸುವಷ್ಟರಲ್ಲಿ ಶಾಫ್ಟ್ ಮೂರು ಸುತ್ತು ತಿರುಗಿರುತ್ತದೆ. ಆದ್ದರಿಂದ ಶಾಫ್ಟಿನ ಪ್ರತಿ ಸುತ್ತಿಗೂ ಪ್ರತಿ ರೋಟರಿನಿಂದ ಒಂದು ಸ್ಫೋಟ, ಎರಡರಿಂದ ಎರಡು. ನಾಲ್ಕು ಸಿಲಿಂಡರಿನ ಮಾಮೂಲಿ ಎಂಜಿನ್ನಿನಲ್ಲೂ ಸುತ್ತಿಗೆ ಎರಡೇ ಸ್ಫೋಟ, ಆದರೆ ಅಲ್ಲಿ ಒಂದು ತಳ್ಳು ಅರ್ಧ ಸುತ್ತಿಗೆ, ಅಂದರೆ 180 ಡಿಗ್ರಿಗೆ ಮುಗಿಯುತ್ತದೆ. ಇಲ್ಲಿ ಅದು 270 ಡಿಗ್ರಿಯವರೆಗೆ ಮುಂದುವರಿಯುತ್ತದೆ. ಒಂದು ರೋಟರಿನ ತಳ್ಳು ಮುಗಿಯುವ ಮೊದಲೇ ಇನ್ನೊಂದರ ತಳ್ಳು ಶುರುವಾಗಿರುತ್ತದೆ. ಕ್ಲಚ್ಚಿನ ಮಟ್ಟಿಗೆ ಇದು ಬಹಳ ಮುಖ್ಯ. ಸರಾಸರಿ ಬಲ ಒಂದೇ ಆದರೂ ಏರಿಳಿತ ಜೋರಾಗಿರುವ ಎಂಜಿನ್ನಿಗೆ ಹೆಚ್ಚು ಹಿಡಿತದ ಕ್ಲಚ್ ಬೇಕಾಗುತ್ತದೆ, ಏಕೆಂದರೆ ಪ್ಲೇಟ್ ಜಾರುವುದು ಏರಿಳಿತದ ತುದಿಯಲ್ಲಿ. ರೋಟರಿಯಲ್ಲಿ ಆ ತುದಿ ಅಷ್ಟು ಚೂಪಾಗಿಲ್ಲ. ಜೊತೆಗೆ ಸರಾಸರಿಯೂ ಕಡಿಮೆ. ಅಮೆರಿಕದಲ್ಲಿ ಮಾರಿದ, ಟರ್ಬೊ ಇಲ್ಲದ 1986ರ ಆರ್‌ಎಕ್ಸ್-7 ಕೊಡುತ್ತಿದ್ದದ್ದು 146 ಅಶ್ವಶಕ್ತಿ, ತಿರುಗಿಸುವ ಬಲ, ಅಂದರೆ ಟಾರ್ಕ್, ಸುಮಾರು 187 ನ್ಯೂಟನ್ ಮೀಟರ್. ಈ ಎಂಜಿನ್ ತನ್ನ ಶಕ್ತಿಯನ್ನು ದೊಡ್ಡ ಬಲದಿಂದಲ್ಲ, ಹೆಚ್ಚು ಸುತ್ತುಗಳಿಂದ ಗಳಿಸುತ್ತದೆ. ಕ್ಲಚ್ ಹೊರಬೇಕಾದದ್ದು ಬಲವನ್ನೇ ಹೊರತು ಅಶ್ವಶಕ್ತಿಯನ್ನಲ್ಲ. ಗಟ್ಟಿ ಕ್ಲಚ್ ಕೊಳ್ಳುವವರು ಮರೆಯುವುದು ಇದನ್ನೇ.

ಕ್ಲಚ್ಚಿನ ಹಿಡಿತವನ್ನು ಕಾಗದದ ಮೇಲೆ ಲೆಕ್ಕ ಹಾಕಬಹುದು. ಫ್ಲೈವೀಲ್ ಮತ್ತು ಪ್ರೆಶರ್ ಪ್ಲೇಟ್ ನಡುವೆ ಕ್ಲಚ್ ಪ್ಲೇಟ್ ಸಿಕ್ಕಿಕೊಂಡಿರುತ್ತದೆ. ಅದಕ್ಕೆ ಎರಡು ಮುಖ. ಪ್ರೆಶರ್ ಪ್ಲೇಟಿನ ಸ್ಪ್ರಿಂಗ್ ಎಷ್ಟು ಬಲದಿಂದ ಒತ್ತುತ್ತದೆ, ಲೈನಿಂಗ್ ಎಷ್ಟು ಅಂಟುತ್ತದೆ, ಆ ಘರ್ಷಣೆ ಕೇಂದ್ರದಿಂದ ಎಷ್ಟು ದೂರದಲ್ಲಿ ನಡೆಯುತ್ತದೆ, ಇವಿಷ್ಟನ್ನು ಗುಣಿಸಿದರೆ ಸಾಕು. ಟರ್ಬೊ ಇಲ್ಲದ ಎಫ್‌ಸಿಯ ಕ್ಲಚ್ ಪ್ಲೇಟ್ 225 ಮಿಲಿಮೀಟರ್ ವ್ಯಾಸದ್ದು. ಲೈನಿಂಗಿನ ಒಳವ್ಯಾಸ 150 ಎಂದಿಟ್ಟುಕೊಂಡರೆ ಸರಾಸರಿ ತ್ರಿಜ್ಯ 9.4 ಸೆಂಟಿಮೀಟರ್. ಘರ್ಷಣಾಂಕ 0.3, ಸ್ಪ್ರಿಂಗಿನ ಒತ್ತು 5000 ನ್ಯೂಟನ್ ಎಂದು ಹಿಡಿಯೋಣ. ಎರಡು ಮುಖಗಳಿಂದ ಸಿಗುವ ಹಿಡಿತ 282 ನ್ಯೂಟನ್ ಮೀಟರ್, ಅಂದರೆ ಎಂಜಿನ್ ಕೊಡುವ ಬಲದ ಒಂದೂವರೆ ಪಟ್ಟು. ಲೈನಿಂಗ್ ಸವೆದರೂ ಬಿಸಿಯಾದರೂ ಜಾರದಿರಲು ಅಷ್ಟು ಅಂತರ ಬೇಕು. ಅದಕ್ಕಿಂತ ಹೆಚ್ಚು ಬೇಕಿಲ್ಲ. ಕ್ಲಚ್ ಕೇವಲ ಜೋಡಿಸುವ ಸಾಧನವಲ್ಲ. ಏಕಾಏಕಿ ಹೊಡೆತ ಬಿದ್ದಾಗ ಗೇರುಗಳ ಹಲ್ಲು, ಆ್ಯಕ್ಸಲ್, ಡಿಫರೆನ್ಶಿಯಲ್ ಮುರಿಯುವ ಮೊದಲು ತಾನು ಜಾರಿ ಅವನ್ನು ಉಳಿಸುವ ಕೆಲಸವೂ ಅದರದ್ದೇ. ಸ್ಪ್ರಿಂಗಿನ ಒತ್ತನ್ನು ದುಪ್ಪಟ್ಟು ಮಾಡಿದರೆ ಆ ಹೊಡೆತ ಕ್ಲಚ್ ದಾಟಿ ಗೇರ್‌ಬಾಕ್ಸಿಗೆ ಹೋಗುತ್ತದೆ. ಇಂದು ಎಫ್‌ಸಿಯ ಕ್ಲಚ್ ಪ್ಲೇಟ್ ಸುಲಭವಾಗಿ ಸಿಗುತ್ತದೆ, ಒಳ್ಳೆಯ ಗೇರ್‌ಬಾಕ್ಸ್ ಸಿಗುವುದು ಕಷ್ಟ.

ಇನ್ನೊಂದು ಕಡೆಯಲ್ಲೂ ಬೆಲೆ ತೆರಬೇಕು. ಪೆಡಲ್ ತುಳಿದಾಗ ರಿಲೀಸ್ ಬೇರಿಂಗ್ ಪ್ರೆಶರ್ ಪ್ಲೇಟಿನ ಬೆರಳುಗಳನ್ನು ಎಂಜಿನ್ನಿನ ಕಡೆಗೆ ದಬ್ಬುತ್ತದೆ. ಆ ದಬ್ಬು ಫ್ಲೈವೀಲ್ ಮೂಲಕ ಎಕ್ಸೆಂಟ್ರಿಕ್ ಶಾಫ್ಟಿಗೆ, ಅಲ್ಲಿಂದ ಎಂಜಿನ್ನಿನ ಮುಂಭಾಗದಲ್ಲಿರುವ ತೆಳುವಾದ ಸೂಜಿ ಬೇರಿಂಗಿಗೆ ತಲುಪುತ್ತದೆ. ಶಾಫ್ಟ್ ಹಿಂದೆ ಮುಂದೆ ಎಷ್ಟು ಆಡಬಹುದು ಎಂಬುದಕ್ಕೆ ಮಜ್ದಾ ಇಟ್ಟ ಅಳತೆ 0.04ರಿಂದ 0.07 ಮಿಲಿಮೀಟರ್, 0.09 ದಾಟಿದರೆ ಸರಿಪಡಿಸಲೇಬೇಕು. ಸಿಗ್ನಲ್ಲಿನಲ್ಲಿ ಕ್ಲಚ್ ತುಳಿದುಕೊಂಡೇ ನಿಲ್ಲುವ ಅಭ್ಯಾಸಕ್ಕೆ ದುಪ್ಪಟ್ಟು ಸ್ಪ್ರಿಂಗ್ ಸೇರಿದರೆ ಈ ಸೂಜಿಗಳ ಮೇಲಿನ ಭಾರವೂ ದುಪ್ಪಟ್ಟು. ಎಂಜಿನ್ನಿಗೂ ಕ್ಲಚ್ಚಿಗೂ ಏನು ಸಂಬಂಧ ಎಂದು ಕೇಳುವವರಿಗೆ ಇದೇ ಉತ್ತರ.

ಆದರೂ ಒಂದು ಆಕ್ಷೇಪ ಉಳಿಯುತ್ತದೆ. ರೋಟರಿಗೆ ಕೆಳ ಸುತ್ತಿನಲ್ಲಿ ಪಿಕಪ್ ಕಡಿಮೆ, ಆದ್ದರಿಂದ ಕಾರು ಹೊರಡಿಸುವಾಗ ಆ್ಯಕ್ಸಿಲರೇಟರ್ ಹೆಚ್ಚು ಕೊಟ್ಟು ಹಾಫ್ ಕ್ಲಚ್ಚಿನಲ್ಲಿ ಬಿಡಬೇಕಾಗುತ್ತದೆ, ಕ್ಲಚ್ ಸುಡುತ್ತದೆ. ಗಟ್ಟಿ ಕ್ಲಚ್ ಇದ್ದರೆ ಸುಡುವುದಿಲ್ಲವಲ್ಲ? ಇದು ಅನುಭವದಿಂದ ಬಂದ ಮಾತಾದ್ದರಿಂದ ಗಂಭೀರವಾಗಿಯೇ ಪರಿಶೀಲಿಸಬೇಕು. ಎಂಜಿನ್ ಒಂದೇ ವೇಗದಲ್ಲಿ ತಿರುಗುತ್ತಿರುವಾಗ ನಿಂತ ಕಾರನ್ನು ಕ್ಲಚ್ ಮೂಲಕ ಎಳೆದರೆ, ಕಾರಿಗೆ ಸೇರುವ ಚಲನಶಕ್ತಿಯಷ್ಟೇ ಶಕ್ತಿ ಕ್ಲಚ್ಚಿನಲ್ಲಿ ಶಾಖವಾಗುತ್ತದೆ. ಈ ಲೆಕ್ಕದಲ್ಲಿ ಸ್ಪ್ರಿಂಗಿನ ಒತ್ತು ಎಲ್ಲಿಯೂ ಬರುವುದೇ ಇಲ್ಲ. ಗಟ್ಟಿ ಕ್ಲಚ್ ಅಷ್ಟೇ ಶಾಖವನ್ನು ಕಡಿಮೆ ಹೊತ್ತಿನಲ್ಲಿ ಹುಟ್ಟಿಸುತ್ತದೆ, ಅಷ್ಟೆ. ಬದಲಾವಣೆ ತರುವುದು ಎಂಜಿನ್ನಿನ ಸುತ್ತು ಮಾತ್ರ. ಸುಮಾರು 1200 ಕಿಲೋ ತೂಕದ ಈ ಕಾರು ಮೊದಲ ಗೇರಿನಲ್ಲಿ 3000 ಸುತ್ತಿಗೆ ಹತ್ತಿರಹತ್ತಿರ ಗಂಟೆಗೆ 24 ಕಿಲೋಮೀಟರ್ ವೇಗದಲ್ಲಿರುತ್ತದೆ. ಅಲ್ಲಿ ಕ್ಲಚ್ ಪೂರ್ತಿ ಕೂಡಿಕೊಂಡರೆ ಹುಟ್ಟುವ ಶಾಖ 27 ಕಿಲೋಜೂಲ್. 6000 ಸುತ್ತಿನಲ್ಲಿ ಬಿಟ್ಟರೆ ವೇಗ ಎರಡು ಪಟ್ಟು, ಶಾಖ ನಾಲ್ಕು ಪಟ್ಟು, 108 ಕಿಲೋಜೂಲ್. ಆದ್ದರಿಂದ ಕ್ಲಚ್ಚಿನ ಆಯುಷ್ಯ ಹೆಚ್ಚಬೇಕಾದರೆ ಬದಲಾಗಬೇಕಾದದ್ದು ಬಲಗಾಲು. ರೇಸಿಗೆಂದು ಮಾಡಿದ ಲೋಹದ ತುಣುಕುಗಳ ಕ್ಲಚ್ ಪ್ಲೇಟ್ ಹೆಚ್ಚು ಬಿಸಿ ತಾಳುತ್ತದೆ, ನಿಜ. ಆದರೆ ಅದು ಮೆಲ್ಲಗೆ ಕೂಡಿಕೊಳ್ಳುವುದಿಲ್ಲ. ಹಿಡಿದರೆ ಒಂದೇ ಸಲಕ್ಕೆ ಹಿಡಿಯುತ್ತದೆ. ಪೇಟೆಯಲ್ಲಿ ಓಡಾಡುವ ಕಾರಿಗೆ ಅದು ತಕ್ಕದ್ದಲ್ಲ.

ಕ್ಲಚ್ ಹೋಗಿದೆ ಎಂದು ತೀರ್ಮಾನಿಸುವ ಮೊದಲು ಯಾವ ಬಗೆಯ ಕಾಯಿಲೆ ಎಂದು ತಿಳಿಯಬೇಕು. ನಾಲ್ಕನೇ ಗೇರಿನಲ್ಲಿ ಒತ್ತಿದಾಗ ಸುತ್ತು ಏರಿ ವೇಗ ಏರದಿದ್ದರೆ ಪ್ಲೇಟ್ ಜಾರುತ್ತಿದೆ. ಪೆಡಲ್ ಪೂರ್ತಿ ತುಳಿದರೂ ಗೇರ್ ಬೀಳದೆ ಕಿರುಗುಟ್ಟಿದರೆ ಪ್ಲೇಟ್ ಬಿಡುತ್ತಿಲ್ಲ. ಎರಡನೆಯದಕ್ಕೆ ಹಲವು ಸಲ ಕ್ಲಚ್ ಕಾರಣವೇ ಅಲ್ಲ. ಮಾಸ್ಟರ್ ಸಿಲಿಂಡರಿನ ರಬ್ಬರ್ ಒಣಗಿ ಒಳಗೊಳಗೇ ಆಯಿಲ್ ಬಿಡುತ್ತಿರಬಹುದು, ಕೆಳಗಿನ ಸ್ಲೇವ್ ಸಿಲಿಂಡರ್ ಸೋರುತ್ತಿರಬಹುದು, ಹಳೆಯ ರಬ್ಬರ್ ಪೈಪು ಒತ್ತಡಕ್ಕೆ ಉಬ್ಬುತ್ತಿರಬಹುದು. ಇವೆಲ್ಲ ಗೇರ್‌ಬಾಕ್ಸ್ ಇಳಿಸದೆಯೇ ಸರಿಯಾಗುವಂಥವು. ಗೇರ್‌ಬಾಕ್ಸ್ ಇಳಿದೇ ಇಳಿದಿದ್ದರೆ ಶಾಫ್ಟಿನ ತುದಿಯೊಳಗಿರುವ ಪೈಲಟ್ ಬೇರಿಂಗನ್ನೂ ಅದರ ಸೀಲನ್ನೂ ಬದಲಿಸಿ, ಹಿಂದಿನ ಆಯಿಲ್ ಸೀಲ್ ಒಣಗಿದೆಯೇ ನೋಡಿ, ಡಯಲ್ ಗೇಜ್ ಇಟ್ಟು ಶಾಫ್ಟಿನ ಆಟ ಅಳೆಯಬೇಕು. ಫ್ಲೈವೀಲ್ ಬಿಚ್ಚುವುದು ಇನ್ನೊಂದು ಸಾಹಸ. ಮಾಮೂಲಿ ಎಂಜಿನ್ನಿನಲ್ಲಿ ಅದನ್ನು ಆರೆಂಟು ಬೋಲ್ಟುಗಳು ಹಿಡಿದಿರುತ್ತವೆ. ಇಲ್ಲಿ ಶಾಫ್ಟಿನ ಇಳಿಜಾರು ತುದಿಯ ಮೇಲೆ ಅದನ್ನು ಒಂದೇ ಒಂದು ದೊಡ್ಡ ನಟ್ಟು ಬಿಗಿದಿದೆ. ಅದರ ಅಗಲ 54 ಮಿಲಿಮೀಟರ್, ಬಿಗಿಸಬೇಕಾದ ಬಲ 400ರಿಂದ 500 ನ್ಯೂಟನ್ ಮೀಟರ್, ಎಂಜಿನ್ ಕೊಡುವ ಬಲದ ಎರಡು ಪಟ್ಟಿಗೂ ಹೆಚ್ಚು. ಗಟ್ಟಿ ಕ್ಲಚ್ಚಿನ ಜೊತೆಗೆ ಹಗುರ ಫ್ಲೈವೀಲನ್ನೂ ಹಾಕಿಸುವವರು ಇನ್ನೊಂದು ಅಂಶ ಗಮನಿಸಬೇಕು. ಕೇಂದ್ರದಿಂದ ಸರಿದು ಸುತ್ತುವ ರೋಟರುಗಳ ತೂಕವನ್ನು ಸರಿದೂಗಿಸುವ ಪ್ರತಿತೂಕ ಕಾರ್ಖಾನೆಯ ಫ್ಲೈವೀಲಿನಲ್ಲೇ ಸೇರಿಕೊಂಡಿದೆ. ಹಗುರದ್ದನ್ನು ಹಾಕಿದರೆ ಆಟೊಮ್ಯಾಟಿಕ್ ಕಾರುಗಳಲ್ಲಿ ಬಳಸುವ ಬಿಡಿ ಪ್ರತಿತೂಕವನ್ನು, ಅದೂ ಆಯಾ ವರ್ಷದ ರೋಟರಿಗೆ ಹೊಂದುವಂಥದ್ದನ್ನು, ಜೊತೆಗೆ ಕೂರಿಸಬೇಕು. ಇಲ್ಲದಿದ್ದರೆ ರೋಟರಿಯ ಹೆಸರಾಂತ ನುಣುಪು ಹೋಗಿ ನಡುಕ ಬರುತ್ತದೆ. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರಬಹುದಾದ್ದರಿಂದ ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಬೇಕು.

ಇನ್ನು ಹೊಗೆಕೊಳವೆ. ರೋಟರಿಯ ಹೊಗೆ ಮಾಮೂಲಿ ಪೆಟ್ರೋಲ್ ಎಂಜಿನ್ನಿನ ಹೊಗೆಗಿಂತ ಬಿಸಿ. ಉರಿಯುವ ಅರೆ ಉದ್ದವಾಗಿ ತೆಳ್ಳಗಿರುತ್ತದೆ, ಬೆಂಕಿ ಅದರ ಒಂದು ತುದಿಯಿಂದ ಇನ್ನೊಂದಕ್ಕೆ ತಲುಪಲು ಹೊತ್ತು ಹಿಡಿಯುತ್ತದೆ. ಅದಕ್ಕಾಗಿಯೇ ಪ್ರತಿ ರೋಟರಿಗೂ ಎರಡೆರಡು ಸ್ಪಾರ್ಕ್ ಪ್ಲಗ್. ಆದರೂ ಹಿಂದಿನ ಮೂಲೆಯ ಮಿಶ್ರಣ ತಡವಾಗಿ ಉರಿಯುತ್ತದೆ, ಕೆಲವು ಭಾಗ ಹೊರಬಿದ್ದ ಮೇಲೂ ಉರಿಯುತ್ತಲೇ ಇರುತ್ತದೆ. ತೆಳುವಾದ ಕಬ್ಬಿಣದ ಪೈಪು ಈ ಬಿಸಿಗೆ ಬೇಗ ಸೋಲುತ್ತದೆ, ಸೈಲೆನ್ಸರಿನೊಳಗೆ ತುಂಬಿದ ಗಾಜಿನ ನಾರು ಬೆಂದು ಪುಡಿಯಾಗಿ ಹಾರಿಹೋಗುತ್ತದೆ. ಹಾಗಾಗಿ ಸ್ಟೇನ್‌ಲೆಸ್ ಸ್ಟೀಲ್, ನಾರಿಗೂ ತೂತಿನ ಪೈಪಿಗೂ ನಡುವೆ ಉಕ್ಕಿನ ಎಳೆಗಳ ಒಂದು ಪದರ, ಇವೆರಡೂ ಇಲ್ಲಿ ಅಗತ್ಯವೇ. ಸದ್ದಿನ ಕಾರಣವೂ ಇಲ್ಲಿಯೇ ಇದೆ. ವಾಲ್ವ್ ನಿಧಾನವಾಗಿ ಏಳುವ ಬದಲು, ರೋಟರಿನ ಮೂಲೆ ಗೋಡೆಯಲ್ಲಿರುವ ಕಿಂಡಿಯ ಅಂಚನ್ನು ದಾಟಿದ ಕ್ಷಣವೇ ಒತ್ತಡದ ಹೊಗೆ ಹೊರನುಗ್ಗುತ್ತದೆ. 6000 ಸುತ್ತಿನಲ್ಲಿ ಸೆಕೆಂಡಿಗೆ 200 ಸಲ. ಆ 200ರ ಗುಣಕಗಳಾದ ಕೀರಲು ಸ್ವರಗಳೂ ಬಲವಾಗಿರುತ್ತವೆ, ಏಕೆಂದರೆ ತೆರೆಯುವಿಕೆ ಅಷ್ಟು ಥಟ್ಟನೆ ನಡೆಯುತ್ತದೆ. ನಾರು ತುಂಬಿದ ನೇರ ಸೈಲೆನ್ಸರ್ ಕೀರಲನ್ನು ಹೀರುತ್ತದೆ, ತಗ್ಗು ಸ್ವರವನ್ನಲ್ಲ. ತಗ್ಗನ್ನು ತಗ್ಗಿಸಲು ಅಲೆ ತಿರುಗಿ ಬಂದು ತನ್ನನ್ನೇ ಅಳಿಸುವಂಥ ಕೋಣೆಗಳು ಬೇಕು. ಹೀಗೆ ಎರಡು ಬಗೆಯೂ ಬೇಕಾದ್ದರಿಂದಲೇ ಕಾರ್ಖಾನೆಯ ಕೊಳವೆ ಅಷ್ಟು ಭಾರವಾಗಿದ್ದದ್ದು.

ಈಗ ತಡೆಯ ಪ್ರಶ್ನೆ. ಹೊಗೆಯನ್ನು ಶುದ್ಧಗೊಳಿಸುವ ಹಳೆಯ ಕ್ಯಾಟಲಿಸ್ಟುಗಳೂ ಸೈಲೆನ್ಸರೂ ಸೇರಿ 0.2 ಬಾರ್ ಹೆಚ್ಚುವರಿ ಒತ್ತಡ ಉಂಟುಮಾಡುತ್ತಿವೆ ಎಂದಿಟ್ಟುಕೊಳ್ಳೋಣ. ಹೊಸ ಕೊಳವೆ ಅದನ್ನು ಪೂರ್ತಿ ತೆಗೆದುಹಾಕಿತು ಎಂದೂ ಭಾವಿಸೋಣ. ಶಾಫ್ಟಿನ ಪ್ರತಿ ಸುತ್ತಿಗೆ 1308 ಘನ ಸೆಂಟಿಮೀಟರ್ ಹೊಗೆಯನ್ನು ಆ ಒತ್ತಡದ ಎದುರು ದಬ್ಬುವ ಶ್ರಮ ಉಳಿಯಿತು: 26 ಜೂಲ್. ಟಾರ್ಕಿನ ಲೆಕ್ಕದಲ್ಲಿ ಅದು 4 ನ್ಯೂಟನ್ ಮೀಟರ್ ಚಿಲ್ಲರೆ, 6500 ಸುತ್ತಿನಲ್ಲಿ ಸುಮಾರು 4 ಅಶ್ವಶಕ್ತಿ. ಒಳಗೆ ಉಳಿಯುವ ಹಳೆ ಹೊಗೆ ಕಡಿಮೆಯಾಗಿ ಹೊಸ ಗಾಳಿಗೆ ಜಾಗ ಸಿಗುವುದರಿಂದ ಲಾಭ ಇನ್ನಷ್ಟು ಸೇರಬಹುದು. ಅದನ್ನು ಮೂರು ಪಟ್ಟು ಎಂದೇ ಹಿಡಿದರೂ 187 ಹೋಗಿ 200 ಆದೀತು. ಕಾರ್ಖಾನೆಯ ಅಳತೆಯ ಕ್ಲಚ್ ಆಗಲೂ ಒಂದಿಷ್ಟೂ ಜಾರುವುದಿಲ್ಲ. ಹೊಸ ಸೈಲೆನ್ಸರ್ ಹಾಕಿದ್ದೇನೆ, ಆದ್ದರಿಂದ ಗಟ್ಟಿ ಕ್ಲಚ್ ಬೇಕು ಎಂಬ ವಾದ ಇಲ್ಲಿಗೆ ಮುಗಿಯುತ್ತದೆ.

ಆದರೆ ಈ ಕಾರಿನಲ್ಲಿ ಆ ಒತ್ತಡಕ್ಕೆ ಒಂದು ಉದ್ಯೋಗವೂ ಇತ್ತು. 1986ರಿಂದ 1988ರವರೆಗಿನ ಟರ್ಬೊರಹಿತ 13ಬಿಯಲ್ಲಿ ಗಾಳಿ ಒಳಬರಲು ಪ್ರತಿ ರೋಟರಿಗೆ ಮೂರರಂತೆ ಆರು ಕಿಂಡಿಗಳಿವೆ. ಐದನೆಯದು ಮತ್ತು ಆರನೆಯದು ಉಳಿದವುಗಳಿಗಿಂತ ತಡವಾಗಿ ಮುಚ್ಚಿಕೊಳ್ಳುವಂತೆ ಕೊರೆದವು. ಸುತ್ತು ಕಡಿಮೆ ಇದ್ದಾಗ ಅವು ತೆರೆದಿದ್ದರೆ ಒಳಬಂದ ಗಾಳಿ ವಾಪಸ್ಸು ಹೊರಹೋಗುತ್ತದೆ. ಸುತ್ತು ಹೆಚ್ಚಿದಾಗ ಗಾಳಿಗೆ ತನ್ನದೇ ಓಟದ ರಭಸವಿರುವುದರಿಂದ ತಡವಾಗಿ ಮುಚ್ಚಿದಷ್ಟೂ ಹೆಚ್ಚು ಗಾಳಿ ತುಂಬುತ್ತದೆ. ಹಾಗಾಗಿ ಅವುಗಳಲ್ಲಿ ತಿರುಗುವ ಸ್ಲೀವುಗಳನ್ನಿಟ್ಟು, ಸುಮಾರು 3800 ಸುತ್ತಿನ ಆಸುಪಾಸಿನಲ್ಲಿ ತೆರೆಯುವಂತೆ ಮಾಡಿದ್ದರು. ತೆರೆಯುವ ಬಲ ಎಲ್ಲಿಂದ? ಹೊಗೆಮಾರ್ಗದಿಂದ ಹೊರಟ ಸಣ್ಣ ನಳಿಕೆಯೊಂದು ಅಲ್ಲಿನ ಒತ್ತಡವನ್ನೇ ತಂದು ಆ ಸ್ಲೀವುಗಳನ್ನು ತಿರುಗಿಸುವ ಆ್ಯಕ್ಚುಯೇಟರುಗಳಿಗೆ ಕೊಡುತ್ತಿತ್ತು. ಸುತ್ತು ಹೆಚ್ಚಿದಂತೆ ಹೊಗೆಯ ಒತ್ತಡವೂ ಹೆಚ್ಚುತ್ತದೆ. ಕಂಪ್ಯೂಟರಿನ ಆಜ್ಞೆ ಬೇಕಿಲ್ಲ, ಮೋಟಾರು ಬೇಕಿಲ್ಲ. ಬಹಳ ಜಾಣ ಏರ್ಪಾಡು ಇದು. ತಡೆಯಿಲ್ಲದ ಕೊಳವೆ ಹಾಕಿದ ದಿನ ಈ ಒತ್ತಡ ಕುಸಿಯುತ್ತದೆ, ಕಿಂಡಿಗಳು ತೆರೆಯುವುದೇ ಇಲ್ಲ ಅಥವಾ ಅರೆಬರೆ ತೆರೆಯುತ್ತವೆ. ಶಕ್ತಿ ಹೆಚ್ಚಲೆಂದು ಹಣ ಸುರಿದವನ ಎಂಜಿನ್, ಶಕ್ತಿ ಹುಟ್ಟಬೇಕಾದ ಮೇಲಿನ ಸುತ್ತುಗಳಲ್ಲೇ ಉಸಿರುಗಟ್ಟುತ್ತದೆ.

ಇದನ್ನು ಕೇಳಿ, ಎಂಜಿನ್ನಿಗೆ ಬ್ಯಾಕ್ ಪ್ರೆಶರ್ ಬೇಕು ಎಂಬ ಹಳೆಯ ಮಾತೇ ನಿಜವಾಯಿತಲ್ಲ ಎನ್ನಬಹುದು. ಹಾಗಲ್ಲ. ಹೊಗೆ ಹೊರಹೋಗಲು ಒತ್ತಡ ಯಾವ ಎಂಜಿನ್ನಿಗೂ ಸಹಾಯ ಮಾಡುವುದಿಲ್ಲ. ಮೇಲಿನ 26 ಜೂಲಿನ ಲೆಕ್ಕವೇ ಅದಕ್ಕೆ ಸಾಕ್ಷಿ. ಇಲ್ಲಿ ಒತ್ತಡ ಬೇಕಾದದ್ದು ಸುದ್ದಿ ತಲುಪಿಸಲು. ಸುದ್ದಿ ತಲುಪಿಸುವ ಬೇರೆ ದಾರಿ ಮಾಡಿಕೊಟ್ಟರೆ ತಡೆಯನ್ನು ಧಾರಾಳವಾಗಿ ತೆಗೆಯಬಹುದು. ಮಜ್ದಾ ಕೂಡ 1989ರಿಂದ ಮಾಡಿದ್ದು ಅದನ್ನೇ: ಆ್ಯಕ್ಚುಯೇಟರುಗಳಿಗೆ ಏರ್ ಪಂಪಿನ ಗಾಳಿ ಕೊಟ್ಟಿತು. ಟರ್ಬೊ ಮಾದರಿಗಳಲ್ಲಿ ಇದೇ ತತ್ತ್ವ ಹೆಚ್ಚು ಅಪಾಯಕಾರಿಯಾದ ರೂಪದಲ್ಲಿ ಎದುರಾಗುತ್ತದೆ. ಅಲ್ಲಿ ಟರ್ಬೈನನ್ನು ತಪ್ಪಿಸಿ ಹೊಗೆಯನ್ನು ಬಿಡುವ ವೇಸ್ಟ್‌ಗೇಟ್ ಚಿಕ್ಕದು. ಕೊಳವೆಯ ತಡೆ ತೆಗೆದರೆ ಟರ್ಬೈನ್ ಜೋರಾಗಿ ತಿರುಗುತ್ತದೆ, ಪೂರ್ತಿ ತೆರೆದ ವೇಸ್ಟ್‌ಗೇಟೂ ಸಾಲದೆ ಬೂಸ್ಟ್, ಅಂದರೆ ಎಂಜಿನ್ನಿಗೆ ತುಂಬುವ ಗಾಳಿಯ ಒತ್ತಡ, ತಾನೇ ಏರುತ್ತ ಹೋಗುತ್ತದೆ. ಗಾಳಿ ಹೆಚ್ಚಿ ಇಂಧನ ಸಾಲದಾದಾಗ ಮಿಶ್ರಣ ತಾನಾಗಿ ಸಿಡಿಯುತ್ತದೆ. ರೋಟರಿನ ಮೂಲೆಯಲ್ಲಿರುವ ಎರಡೇ ಮಿಲಿಮೀಟರ್ ದಪ್ಪದ ಎಪೆಕ್ಸ್ ಸೀಲ್ ಅಂಥ ಹೊಡೆತಕ್ಕೆ ಮುರಿಯುತ್ತದೆ, ಮುರಿದ ತುಂಡು ಟರ್ಬೊವನ್ನೂ ಕೆಡಿಸುತ್ತದೆ. 1991ರ ಕೊನೆಯಲ್ಲಿ ಬಂದ ಮೂರನೇ ಪೀಳಿಗೆಯ ಅವಳಿ ಟರ್ಬೊ ಕಾರುಗಳಲ್ಲೂ ಕೊಳವೆಯನ್ನಷ್ಟೇ ಬದಲಿಸಿ ವೇಸ್ಟ್‌ಗೇಟ್ ಹಿಗ್ಗಿಸದೆ, ಇಂಧನದ ಲೆಕ್ಕ ತಿದ್ದದೆ ಎಂಜಿನ್ ಕಳೆದುಕೊಳ್ಳುವ ದಾರಿ ಇದೇ.

ಕ್ಯಾಟಲಿಸ್ಟ್ ಬಗ್ಗೆ ಕೊನೆಯ ಆಕ್ಷೇಪ. ವರ್ಷಕ್ಕೆ ಕೆಲವೇ ನೂರು ಕಿಲೋಮೀಟರ್ ಓಡುವ ಹಳೆಯ ಕಾರಿಗೆ ಅದೇಕೆ ಎನ್ನುತ್ತಾರೆ. ರೋಟರಿಯ ಸ್ವಭಾವವೇ ಇದಕ್ಕೆ ಉತ್ತರ. ಅರೆಯ ಮೂಲೆಗಳಲ್ಲಿ ಉರಿಯದೆ ಉಳಿದ ಪೆಟ್ರೋಲು, ಸೀಲುಗಳ ಸವೆತ ತಡೆಯಲೆಂದೇ ಒಳಗೆ ಬಿಡುವ ಎಂಜಿನ್ ಆಯಿಲ್, ಎರಡೂ ಹೊಗೆಯೊಡನೆ ಬರುತ್ತವೆ. ಅಮೆರಿಕಕ್ಕೆ ಹೋದ ಮೊದಲ ಆರ್‌ಎಕ್ಸ್-7ಗಳಲ್ಲಿ ಅದನ್ನು ಹೊರಗೆ ಮತ್ತೊಮ್ಮೆ ಸುಡಲು ಥರ್ಮಲ್ ರಿಯಾಕ್ಟರ್ ಎಂಬ ದಪ್ಪ ಕೋಣೆಯಿತ್ತು. 1981ರಿಂದ ಕ್ಯಾಟಲಿಸ್ಟ್ ಬಂತು. ಅದನ್ನು ತೆಗೆದರೆ ಹಿಂದಿನ ಕಾರಿನವನ ಕಣ್ಣುರಿಯುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 1976ರ ಮತ್ತು ಅದರ ನಂತರದ ಪೆಟ್ರೋಲ್ ಕಾರುಗಳಿಗೆ ಹೊಗೆ ತಪಾಸಣೆ ಕಡ್ಡಾಯವಾದ್ದರಿಂದ ಅಲ್ಲಿನ ಯಾವ ಆರ್‌ಎಕ್ಸ್-7ಗೂ ವಿನಾಯಿತಿಯಿಲ್ಲ. ಕಟ್ಟಿಕೊಂಡ ಹಳೆಯ ಕ್ಯಾಟಲಿಸ್ಟನ್ನು ತೆಗೆದು ಕಡಿಮೆ ತಡೆಯ ಹೊಸದನ್ನು ಕೂರಿಸುವುದು ಕಾನೂನಿಗೂ ಗಾಳಿಗೂ ಎಂಜಿನ್ನಿಗೂ ಒಪ್ಪುವ ದಾರಿ.

ಆದ್ದರಿಂದ ಟರ್ಬೊ ಇಲ್ಲದ ಎಫ್‌ಸಿಗೆ ನನ್ನ ತೀರ್ಪು ಹೀಗೆ. ಮೊದಲು ಕ್ಲಚ್ಚಿನ ಹೈಡ್ರಾಲಿಕ್, ಅಂದರೆ ಮಾಸ್ಟರ್ ಮತ್ತು ಸ್ಲೇವ್ ಸಿಲಿಂಡರುಗಳ, ಪರೀಕ್ಷೆ. ಆಮೇಲೆ ಕಾರ್ಖಾನೆಯ ಅಳತೆಯದೇ ಕ್ಲಚ್, ಹೊಸ ಪೈಲಟ್ ಬೇರಿಂಗ್, ಹೊಸ ರಿಲೀಸ್ ಬೇರಿಂಗ್. ಸ್ಟೇನ್‌ಲೆಸ್ ಕೊಳವೆ, ಜೊತೆಗೆ ಹೊಸ ಕ್ಯಾಟಲಿಸ್ಟ್. ಎಲ್ಲ ಜೋಡಿಸಿದ ಮೇಲೆ ಆ್ಯಕ್ಚುಯೇಟರಿನ ಕಡ್ಡಿಗೆ ಒಂದಿಷ್ಟು ಗ್ರೀಸ್ ಸವರಿ ಕಾರನ್ನು ಒಮ್ಮೆ 5000 ಸುತ್ತಿನ ಮೇಲೆ ಓಡಿಸಿ ಬನ್ನಿ. ಗ್ರೀಸ್ ಒರೆಸಿಹೋಗಿದ್ದರೆ ಕಿಂಡಿ ತೆರೆಯುತ್ತಿದೆ. ಸವರಿದ ಹಾಗೆಯೇ ಇದ್ದರೆ ಆ್ಯಕ್ಚುಯೇಟರಿಗೆ ಗಾಳಿ ಕೊಡುವ ಪಂಪು ಹಾಕಿಸಿದ ಮೇಲೆಯೇ ಕಾರನ್ನು ಗ್ಯಾರೇಜಿನಿಂದ ಬಿಡಿಸಿಕೊಳ್ಳಿ.